ಎರಡು ಕೈ ಬೇಡುವ ಕಲ್ಲು

ತಪ್ಪು ನನ್ನದೇ. ಎಂಬತ್ತರ ಹತ್ತಿರದ ಹಿರಿಯರೊಬ್ಬರು ಅಮೆರಿಕದ ಗಡಿ ಕಾವಲುಗಾರನಿಗೆ ‘ಲೇ ಮಂಗ್ಯಾ’ ಎನ್ನುವಂತಾದದ್ದು ನನ್ನ ಮಿಮಿಕ್ರಿಯ ಚಟದಿಂದ.

ಫಕೀರಪ್ಪ ಕಾಕಾ ಹುಬ್ಬಳ್ಳಿಯವರು. ಅಮೆರಿಕದ ಯೂನಿಯನ್ ಸಿಟಿಯಲ್ಲಿ ನಮ್ಮ ಮೇಲಿನ ಅಪಾರ್ಟ್‌ಮೆಂಟಿನ ಶೈಲಕ್ಕನ ತಂದೆ. ಸರ್ವೇ ಕೆಲಸದಲ್ಲಿ ನೇಪಾಳದ ಗಡಿಯ ಹಳೆಯ ಕಲ್ಲುಗಳನ್ನು ಹುಡುಕುತ್ತ ಅರ್ಧ ಆಯುಷ್ಯ ಕಳೆದವರು. ನಡೆಯುವಾಗ ಹೆಜ್ಜೆ ಎಣಿಸುವರು. ನಡುವೆ ಮಾತಾಡಿಸಿದರೆ ಬೆರಳೆತ್ತಿ ತಡೆಯುವರು. ಒಮ್ಮೆ ನಾನೂ ಬೆರಳೆತ್ತಿಕೊಂಡು ಅವರ ಹಿಂದೆಯೇ ನಡೆದು ಗ್ರೋಸರಿ ಅಂಗಡಿಯವರನ್ನೆಲ್ಲ ನಗಿಸಿದ್ದೆ. ತಿರುಗಿ ನೋಡಿ ಹೇಳಿದರು: “ಹೆಜ್ಜಿ ಸಣ್ಣು ಬೀಳಾಕತ್ತಾವಲೇ. ನಕಲಿ ಮಾಡಿದ್ರೂ ಅಳತಿ ಸರಿ ಇರಬೇಕು.”

ಅವರು ಕೊನೆಯ ಸಲ ಬಂದಾಗ (ಈಗ ಅವರಿಲ್ಲ) ಮೆಕ್ಸಿಕೋ ಗಡಿಯಲ್ಲಿ ಬೇಲಿಗಿಂತ ಎಷ್ಟೋ ಹಳೆಯ ಗಡಿಕಲ್ಲುಗಳು ಉಳಿದಿವೆ ಎಂದು ಅವರಿಗೆ ತಿಳಿಯಿತು. ಕರೆದೊಯ್ದು ತೋರಿಸು ಎಂದು ನನ್ನ ಬೆನ್ನು ಬಿದ್ದರು.

“ವೀಸಾ ಎಕ್ಸ್‌ಟೆನ್ಷನ್ನು ಇನ್ನೂ ಬಂದಿಲ್ಲಪಾ. ಅಲ್ಲೇನಾರ ಲಫಡಾ ಆದ್ರ ವಾಪಸ್ ಕಳಸ್ತಾರ” ಎಂದಳು ಶೈಲಕ್ಕ.

“ಕಳಸಲಿ. ನೋಡೇ ಹೋಗ್ತೀನಿ.”

ಇಡೀ ದಿನ ಫ್ರೀವೇಯಲ್ಲಿ ಓಡಿಸಿ ಮರುದಿನ ಬೆಳಿಗ್ಗೆ ಅಲ್ಲಿಗೆ ಮುಟ್ಟಿಸಿದೆ. ಉಕ್ಕಿನ ಕಂಬಗಳ ಎತ್ತರದ ಬೇಲಿ, ಅದರಾಚೆ ಮೊಳ ದೂರದಲ್ಲಿ ಕಲ್ಲು. ಆಚೆ ದೇಶದಲ್ಲಿ ನಾಯಿ ಹಿಡಿದು ನಿಂತ ಒಬ್ಬ ಮುದುಕ. ಕಾಕಾ ಕಂಬಗಳ ಸಂದಿಯಲ್ಲಿ ತೋಳು ತೂರಿಸಿ ಅಂಗೈಯನ್ನು ಕಲ್ಲಿನ ಮೇಲಿಟ್ಟರು. ನೀನೂ ಇಡು ಎಂದು ಆ ಮುದುಕನಿಗೆ ಸನ್ನೆ ಮಾಡಿದರು. ಅವರ ಕಾಲದ ತಪಾಸಣೆಯ ಪದ್ಧತಿ ಅದು. “ಎರಡೂ ಕಡ್ಯಾವ್ರು ಕೈ ಹಚ್ಚಿದ್ರ ಅದು ಗಡಿ. ಇಲ್ಲಂದ್ರ ಬರೇ ಕಲ್ಲು.”

ನಾನು ಬೆನ್ನ ಹಿಂದೆ ನಿಂತು, ದನಿ ದಪ್ಪ ಮಾಡಿ, “ಸರ್, ಸ್ಟೆಪ್ ಬ್ಯಾಕ್” ಎಂದೆ. ಒಮ್ಮೆ ಬೈದರು. ಇನ್ನೊಮ್ಮೆ ಎಂದೆ. ಮೂರನೆಯ ಸಲ ಬಂದ ದನಿ ನನ್ನದಲ್ಲ.

“ಲೇ ಮಂಗ್ಯಾ, ಸುಮ್ನ ನಿಂದ್ರ” ಎನ್ನುತ್ತ ತಿರುಗಿದ ಕಾಕಾ ಸಮವಸ್ತ್ರದವನನ್ನು ಕಂಡರು. ಕೈ ಮಾತ್ರ ತೆಗೆಯಲಿಲ್ಲ. ಆಚೆಯ ಮುದುಕ ಅನುಮಾನಿಸುತ್ತ ನಿಂತ.

“ಕಾಕಾ, ಕೈ ತೆಗೀರಿ, ಪ್ಲೀಸ್. ವೀಸಾ…”

“ನಾ ಹೇಳೂದನ್ನ ಅವ್ಗ ಇಂಗ್ಲಿಷ್‌ನಾಗ ಹೇಳು. ಒಂದೂ ಬಿಡಬ್ಯಾಡ.”

ಊರೆಲ್ಲರ ದನಿ ಮಾಡುವ ನಾನು ಆಗ ನನ್ನದೇ ದನಿಯಲ್ಲಿ ಮಾತಾಡಬೇಕಾಯಿತು. ಕಾಕಾ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಕಾವಲುಗಾರ ಬೇಲಿ ನೋಡಿದ, ಕಾಕಾನ ತೋಳು ನೋಡಿದ, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಆಚೆಯ ಅಂಗೈ ಕಲ್ಲಿನ ಮೇಲೆ ಇಳಿಯಿತು. ಕಾಕಾ ಹೇಳಿಸಿದ್ದು ಇಷ್ಟೇ:

“ಬೇಲಿ ಕಾಯೂದು ನಿನ್ನ ನೌಕರಿ, ಕಲ್ಲು ನೋಡೂದು ನನ್ನ ನೌಕರಿ. ನಿನ್ನ ಬೇಲಿ ನಾ ಮುಟ್ಟೀನೇನು?”