ಹೊಸ್ತಿಲಲ್ಲಿ ಅರ್ಧ ಷಟ್ಪದಿ

ಛಂದಸ್ಸು ಮನುಷ್ಯನನ್ನು ಉದ್ಧಾರ ಮಾಡುತ್ತದೆ. ನಮ್ಮ ಮನೆಯಲ್ಲಿ ಅದು ಮಾಡಿದ್ದೆಂದರೆ, ಮಗಳು ಗೌರಿ ಮಾತ್ರೆ ಎಣಿಸುತ್ತ ಕೂತು ಸಾರು ಸೀಯಿಸಿದ್ದಷ್ಟೇ.

ಕಳೆದ ತಿಂಗಳು ಅವಳ ಮದುವೆ ಮುಗಿಸಿ, ಗಂಡನ ಮನೆ ತುಂಬಿಸಲು ಅಜ್ಜಂಪುರದಿಂದ ತರೀಕೆರೆಗೆ ಹೋದೆವು. ನಾದಿನಿ ಹೊಸ್ತಿಲಿಗೆ ಅಡ್ಡ ನಿಂತಳು.

"ಪದ ಕಟ್ಟಿ ನಮ್ಮಣ್ಣನ ಹೆಸರು ಹೇಳ್ದೆ ಒಳಕ್ಕೆ ಬಿಡಾಕಿಲ್ಲ ಕಣತ್ತಿಗೆ!"

ಎಲ್ಲ ಮದುಮಗಳಂದಿರೂ ಬಾಯಿಪಾಠದ ಎರಡು ಸಾಲು ಒಪ್ಪಿಸಿ ಪಾರಾಗುತ್ತಾರೆ. ಗೌರಿ ಬೆರಳ ಮೇಲೆ ಮಾತ್ರೆ ಎಣಿಸುತ್ತಿದ್ದಳು. ಬೀಗರು ನನ್ನತ್ತ ತಿರುಗಿ, "ಏನ್ ಮೇಷ್ಟ್ರೇ, ಹೆಣ್ಣಿಗೆ ಷಟ್ಪದಿ ಕಲಿಸಿದ್ದು ಇದಕ್ಕೇನಾ?" ಎಂದು ನಕ್ಕರು. ತಲೆಯ ಮೇಲಿನ ಪೇಟ ಭಾರವಾಯಿತು.

ಆಗ ಗೌರಿ ಭಾಮಿನಿಯಲ್ಲಿ ಎತ್ತಿದಳು:

ಬಾಗಿಲಲಿ ನಿಂತಿಹಳು ನಾದಿನಿ
ಬೀಗಿ ಸೆರಗನು ಬಿಗಿದು ಸೊಂಟಕೆ
ಸಾಗಿ ಬಂದಿಹ ಸೊಸೆಯ ಕಾಲ್ಗಳು ಸೋತು ನಿಂತಿಹವು

ಅಷ್ಟಕ್ಕೆ ನಿಲ್ಲಿಸಿಬಿಟ್ಟಳು.

"ಹೆಸರೆಲ್ಲಿ?" ಎಂದಳು ನಾದಿನಿ.

"ಷಟ್ಪದಿಗೆ ಆರು ಸಾಲು ಕಣಮ್ಮ. ಮೂರು ಹೊರಗಾಯ್ತು. ಹೆಸರಿರೋ ಮೂರು ಒಳಗೆ ಬಂದ್ಮೇಲೆ."

"ದಾರಿ ಬಿಡೇ," ಎಂದರು ಬೀಗರು, ಈ ಸಲ ನಗದೆ. ನಾನು ಪೇಟ ನೆಟ್ಟಗೆ ಮಾಡಿಕೊಂಡು, ಮಹಾರಾಜರ ಸವಾರಿಯ ಹಿಂದೆ ಹೋಗುವವನಂತೆ ಮಗಳ ಹಿಂದೆ ನಡೆದೆ.

ಈಗ ನಾದಿನಿ ಗೌರಿಯ ಹತ್ತಿರ ಛಂದಸ್ಸು ಕಲಿಯುತ್ತಿದ್ದಾಳೆ. ಮೊನ್ನೆ ಅವರ ಮನೆಯಲ್ಲೂ ಸಾರು ಸೀದಿದೆ.