ಬ್ರೇಕಿನ ಬಣ್ಣಕ್ಕೆ ದೇವರ ಅಪ್ಪಣೆ

ಬಾಮೈದನ ಕಾರು ಹೊಳಲ್ಕೆರೆ ಹತ್ತಿರದ ನಮ್ಮೂರ ಗುಡಿಯ ಮುಂದೆ ನಿಲ್ಲದೆ ಕಟ್ಟೆಗೇ ಗುದ್ದಿತು. ಪುಣ್ಯಕ್ಕೆ ನಮ್ಮಿಬ್ಬರಿಗೂ ಏನೂ ಆಗಲಿಲ್ಲ.

ಬ್ರೇಕು ಒತ್ತಿದಾಗ ಚಕ್ರದ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್‌ಗೆ ಕೆಂಪು ಬಣ್ಣವೋ ಹಳದಿಯೋ ಎಂದು ಮನೆಯಲ್ಲಿ ಜಗಳವಾಗಿ, ಹಿಂದಿನ ಸೋಮವಾರ ಇದೇ ದೇವರಲ್ಲಿ ಹೂ ಕೇಳಿದ್ದೆವು. ಬಲಕ್ಕೆ ಬಿದ್ದರೆ ಕೆಂಪು, ಎಡಕ್ಕೆ ಬಿದ್ದರೆ ಹಳದಿ. ಹೂ ಬಲಗಡೆ ಬಿತ್ತು, ಕೆಂಪು ಗೆದ್ದಿತು. ಬಾಮೈದ ಭಕ್ತಿಯಿಂದ ತಾನೇ ಬ್ರಷ್ ಹಿಡಿದು, ಕ್ಯಾಲಿಪರ್ ಜೊತೆಗೆ ಅದು ಹಿಡಿದು ನಿಲ್ಲಿಸಬೇಕಾದ ಡಿಸ್ಕಿಗೂ ದಪ್ಪಗೆ ಬಳಿದಿದ್ದ. ಬಣ್ಣ ಒಣಗಿದ ಮೇಲೆ ಮೊದಲ ಸಲ ಹೊರಟಿದ್ದು ಗುಡಿಗೇ; ಆ ಬಣ್ಣದ ಮೇಲೆ ಬ್ರೇಕು ಹಿಡಿಯದೆ ಜಾರಿತ್ತು.

ಓಡಿಬಂದ ಪೂಜಾರಪ್ಪನ ಮೇಲೆ ಬಾಮೈದ ರೇಗಿದ: “ದೇವ್ರೇ ಕೆಂಪು ಅಂತ ಹೇಳಿತ್ತಲ್ರಿ!”

“ನೀವು ಬಣ್ಣ ಕೇಳಿದ್ರಿ, ಹೇಳ್ತು. ಎಲ್ಲಿಗೆ ಬಳೀಬೇಕು ಅಂತ ಕೇಳಿದ್ರೇನ್ರಿ?”

ಬಾಮೈದ ಈಗಲೂ ಎಲ್ಲದಕ್ಕೂ ಹೂ ಕೇಳುತ್ತಾನೆ. ನಾನು ಯಾರನ್ನೂ ಕೇಳದೆ ಬಸ್ ಹತ್ತುತ್ತೇನೆ.