ಶನಿವಾರದ ಎಣ್ಣೆನೀರು

"ಇನ್ನು ಭಯವಿಲ್ಲ, ಮಗೂನ ಊರಿಗೆ ಕಳಿಸಿ" ಅಂದುಬಿಟ್ಟರು ಡಾಕ್ಟರು. ನನ್ನ ಮೊಮ್ಮಗಳ ಮೂರ್ಛೆಗೆ ಕಾರಣ ಸಿಕ್ಕಿತ್ತು, ಮೂರ್ಛೆಯೂ ನಿಂತಿತ್ತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆ ದಿನದ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟವನು ಚಪ್ಪಲಿಯನ್ನು ಡಾಕ್ಟರ ಬಾಗಿಲಲ್ಲೇ ಬಿಟ್ಟು, ಬಟವಾಡಿಯ ನಮ್ಮ ಮನೆಯವರೆಗೂ ಬರಿಗಾಲಲ್ಲಿ ನಡೆದು ಬಂದಿದ್ದೆ.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ತುಮಕೂರಿನ ಒಂದು ಸೌದೆ ಡಿಪೋದಲ್ಲಿ ಸೌದೆ ಸೀಳುವುದು ನನ್ನ ಕೆಲಸ. ಮಗಳನ್ನು ಗುಬ್ಬಿ ತಾಲ್ಲೂಕಿನ ನಿಟ್ಟೂರಿಗೆ ಕೊಟ್ಟಿದ್ದೆವು. ಅವಳ ಮಗುವಿಗೆ ಐದು ವರ್ಷ ತುಂಬುವ ಹೊತ್ತಿಗೆ ಮೊದಲ ಸಲ ಹಾಗಾಯಿತು. ಕಣ್ಣು ಮೇಲೆ ಸಿಕ್ಕಿಕೊಂಡು, ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಮತ್ತೆ ಮತ್ತೆ ಆದಾಗ ಬೀಗಿತ್ತಿಯವರು ತಾಯಿ ಮಗು ಇಬ್ಬರನ್ನೂ ನಮ್ಮ ಮನೆಗೆ ತಂದು ಬಿಟ್ಟರು.

"ನಮ್ ವಂಶದಾಗೆ ಯಾರ್ಗೂ ಇಲ್ಲ ಇದು. ವಾಸಿ ಮಾಡ್ಸಿ, ಆಮೇಲ್ ಕಳ್ಸಿ" ಅಂದರು. ಅವರ ಹಿಂದೆ ಅಳಿಯ ತಲೆ ತಗ್ಗಿಸಿ ನಿಂತಿದ್ದ. ಮಗು ವಾಸಿಯಾಗದಿದ್ದರೆ ಮಗಳ ಸಂಸಾರ ಅಲ್ಲಿಗೆ ಮುಗಿಯಿತು ಅನ್ನುವುದು ಬಾಯಿ ಬಿಟ್ಟು ಹೇಳದೆಯೂ ಎಲ್ಲರಿಗೂ ಗೊತ್ತಿತ್ತು.

ನಮ್ಮಲ್ಲಿಗೆ ಬಂದ ಮೇಲೆ ಇನ್ನೂ ಹೆಚ್ಚಾಯಿತು. ಅದೂ ನಮ್ಮ ಮನೆಯ ಎಣ್ಣೆನೀರಿನ ದಿನವಾದ ಶನಿವಾರವೇ, ಬಚ್ಚಲಲ್ಲೇ. ಒಬ್ಬ ಡಾಕ್ಟರು ಕೊಟ್ಟ ಮಾತ್ರೆ ನುಂಗಿಸಿದೆವು, ನಿಲ್ಲಲಿಲ್ಲ. ಶಾಸ್ತ್ರ ಕೇಳಿದರೆ ಶನಿಕಾಟ ಅಂದರು. ವಾರವಾರ ಎಳ್ಳೆಣ್ಣೆ ತಿಕ್ಕಿ ತಲೆಗೆ ನೀರು ಹಾಕಿ, ಎಳ್ಳುಬತ್ತಿ ಹಚ್ಚಬೇಕಂತೆ. ಡಿಪೋದ ಚಕ್ಕೆಯೆಲ್ಲ ನಮಗೆ ಪುಕ್ಕಟೆ, ಹಾಗಾಗಿ ನಮ್ಮ ಹಂಡೆಯಲ್ಲಿ ಸುಡುನೀರಿಗೆ ಬರವೇ ಇರಲಿಲ್ಲ. ಎಣ್ಣೆ ಇಳಿಯಬೇಕಲ್ಲ ಅಂತ ನನ್ನ ಹೆಂಡತಿ ಚೊಂಬಿನ ಮೇಲೆ ಚೊಂಬು ಸುರಿಯುತ್ತಿದ್ದಳು. ಮಗು ಕಣ್ಣು ಮುಚ್ಚಿ ನಗುತ್ತಾ, "ಇನ್ನೂ ಹುಯ್ಯಜ್ಜಿ, ಇನ್ನೂ" ಅನ್ನುತ್ತಿತ್ತು. ಆ ನಗು ಮುಖದ ಮೇಲೆ ಇರುವಾಗಲೇ ಕೆಳಕ್ಕೆ ಬೀಳುತ್ತಿತ್ತು. ಶನಿ ಬಲವಾಗಿ ಹಿಡಿದಿದ್ದಾನೆ ಅಂದುಕೊಂಡೆವು. ಮುಂದಿನ ವಾರ ಎಣ್ಣೆಯೂ ಹೆಚ್ಚು, ನೀರೂ ಹೆಚ್ಚು.

ಹೀಗಿರುವಾಗ ಕುಣಿಗಲ್ಲಿನ ನನ್ನ ತಂಗಿಯ ಮನೆಯಲ್ಲಿ ನಾಮಕರಣ ಬಂತು. ಮನೆ ತುಂಬಾ ನೆಂಟರು, ಒಲೆಗಳೆಲ್ಲ ಅಡಿಗೆಗೆ. ಶನಿವಾರ ಮಗುವಿಗೆ ಬಾವಿಕಟ್ಟೆಯಲ್ಲಿ ತಣ್ಣೀರೇ ಹುಯ್ದರು. ಚಳಿಗೆ ಕಿರುಚಿಕೊಂಡಿತು, ಅಷ್ಟೇ.

"ಬುಟ್ಟ ಕಣ್ರೀ ಶನಿ" ಅಂತ ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸೋಮವಾರ ಊರಿಗೆ ಬಂದವಳೇ, ಬಸ್ಸಿನ ಧೂಳು ಹೋಗಲಿ ಅಂತ ಹಂಡೆ ಕಾಯಿಸಿ ಮಗುವಿನ ತಲೆಗೆ ನೀರು ಹಾಕಿದಳು. ಮಗು ಬಿತ್ತು.

"ಸೋಮ್ವಾರ ಶನಿಗೇನಪ್ಪ ಕೆಲ್ಸ?" ಅಂದಳು ಮಗಳು. "ಶಾಸ್ತ್ರ ಸಾಕು. ಬೇರೆ ಡಾಕ್ಟ್ರ ತಾವ ಹೋಗಾಣ."

ಈ ಡಾಕ್ಟರು ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ನೀರು ಎಷ್ಟು ಬಿಸಿ ಇರುತ್ತಮ್ಮ?" ಅಂದರು.

"ಚೆನ್ನಾಗ್ ಕಾಯ್ಸಿರ್ತೀನಿ ಸ್ವಾಮಿ, ಹಬೆ ಆಡ್ತಿರ್ತದೆ."

"ಕುಣಿಗಲ್ಲಲ್ಲಿ?"

ಅವಳು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಡಾಕ್ಟರು ಮೆಲ್ಲಗೆ ಹೇಳಿದರು: "ಶನಿ ಅಲ್ಲಮ್ಮ, ಯಾರ ತಪ್ಪೂ ಅಲ್ಲ. ಬಿಸಿನೀರು ತಲೆ ಮೇಲೆ ಬಿದ್ದರೆ ಕೆಲವು ಮಕ್ಕಳಿಗೆ ಹೀಗೆ ಮೂರ್ಛೆ ಬರುತ್ತೆ. ನಮ್ಮ ಕಡೆ ಇದನ್ನ ನೋಡ್ತಾನೇ ಇರ್ತೀವಿ. ಉಗುರುಬೆಚ್ಚಗಿನ ನೀರು ಸಾಕು. ತಲೆ ಮೇಲೆ ಸುರೀಬೇಡಿ, ಒದ್ದೆ ಬಟ್ಟೇಲಿ ಒರೆಸಿ."

ಮನೆಗೆ ಬಂದು ಅವಳು ಬಚ್ಚಲ ಹೊಸ್ತಿಲಲ್ಲಿ ಕುಳಿತುಬಿಟ್ಟಳು.

"ನನ್ ಕೈಯಾರ ಹುಯ್ದೆನಲ್ರೀ."

"ನಮ್ಮವ್ವ, ನಿಮ್ಮವ್ವ, ಎಲ್ರೂ ಹಂಗೇ ಹುಯ್ದೋರು. ಯಾರ್ಗ್ ಗೊತ್ತಿತ್ತು, ಬುಡು" ಅಂದೆ. ಆದರೆ ಅಂದಿನಿಂದ ಮಗುವಿನ ಸ್ನಾನಕ್ಕೆ ಅವಳು ಕೈಹಾಕಲಿಲ್ಲ. ಮಗಳು ಮೈ ತೊಳೆಸುವಷ್ಟು ಹೊತ್ತೂ ನಾವಿಬ್ಬರು ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿರುತ್ತಿದ್ದೆವು. ಬೇಸಿಗೆ ಕಳೆದು ಮಳೆ ಹಿಡಿಯಿತು. ಒಂದು ಸಲವೂ ಮಗು ಬೀಳಲಿಲ್ಲ.

ಡಾಕ್ಟರು ಕಳಿಸಿ ಅಂದ ದಿನ ಅಳಿಯನೂ ಬಂದಿದ್ದ. ಕೇಳಿದವನೇ ನಿಟ್ಟೂರಿಗೆ ರೈಲು ಹತ್ತಿ, ಸಂಜೆಗೆ ಅವರವ್ವನನ್ನು ಕರೆದುಕೊಂಡು ಬಂದ. ಬೀಗಿತ್ತಿ ಯಾರ ಮುಖವನ್ನೂ ನೋಡದೆ ಮಗುವನ್ನು ತೊಡೆ ಮೇಲೆ ಎಳೆದುಕೊಂಡು, "ಮನ್ಗೆ ಹೋಗಾಣ ಬಾ ಕಣಮ್ಮಿ" ಅಂದರು. ಮಗಳು ಒಳಗೆ ಹೋಗಿ ಅತ್ತು ಬಂದಳು.

ನಮ್ಮಲ್ಲಿ ಹೆಂಗಸರು ಆಮೇಲೆ ಉಣ್ಣುವುದು ರೂಢಿ. ಆ ಸಂಜೆ ಅಳಿಯ ಬಿಡಲಿಲ್ಲ. "ಅತ್ತೆ, ನೀವೂ ಕೂತ್ಕಳಿ" ಅಂದ. ಎಲ್ಲರ ತಟ್ಟೆಯನ್ನೂ ಒಂದೇ ಸಾಲಿಗೆ ಇಟ್ಟೆವು. ಮುದ್ದೆ, ಬಸ್ಸಾರು. ಸಾರು ಬಡಿಸುತ್ತಾ ಮಗುವಿನ ತಟ್ಟೆಯ ಹತ್ತಿರ ಬಂದಾಗ ನನ್ನ ಹೆಂಡತಿಯ ಕೈ ತಡೆಯಿತು.

"ಸಾರು ಬಿಸಿ ಐತಲ್ಲ, ಮಗೀಗೆ ಆಯ್ತದಾ?" ಅಂದಳು.

ಬೀಗಿತ್ತಿ ಮುದ್ದೆ ಮುರಿಯುತ್ತಾ ಅಂದರು: "ತಲೆ ಮೇಲ್ ಹುಯ್ಬೇಡ ಬೀಗಿತ್ತಿ, ತಟ್ಟೆಗ್ ಹುಯ್ಯಿ."

ಎಲ್ಲರ ಕೈಯೂ ನಿಂತಿತು. ಮೊದಲು ನಕ್ಕವಳು ನನ್ನ ಹೆಂಡತಿಯೇ. ನಗುತ್ತಲೇ ಮಗುವಿಗೆ ಸಾರು ಬಿಟ್ಟು, ಪಕ್ಕದಲ್ಲೇ ಕುಳಿತು ತನ್ನ ಮುದ್ದೆಗೆ ಕೈ ಹಾಕಿದಳು.